ವಾಲ್ವ್ ವೀಕಾಗೈತೆ

"ತಲೆ ಕಪ್ಪಗಿದ್ರೆ ಜೀವ ಐತೆ, ಬೆಳ್ಳಗಾದ್ರೆ ಹೋಗೈತೆ." ನಮ್ಮ ಮೇಷ್ಟ್ರು ಈ ಮಾತು ಹೇಳುತ್ತಿದ್ದುದು ಮನುಷ್ಯರ ಬಗ್ಗೆ ಅಲ್ಲ, ರೇಡಿಯೋ ವಾಲ್ವುಗಳ ಬಗ್ಗೆ. ಅವರ ತಲೆಯೇ ಅಷ್ಟು ಹೊತ್ತಿಗೆ ಪೂರ್ತಿ ನೆರೆತಿದ್ದರಿಂದ ಕೇಳಿದವರು ಮುಸಿಮುಸಿ ನಗುತ್ತಿದ್ದರು. ನಗುವುದು ಅವರಿಗೆ ಕಾಣುತ್ತಿತ್ತು, ಯಾಕೆ ಅಂತ ತಿಳಿಯುತ್ತಿರಲಿಲ್ಲ. ತಾವೂ ಒಂದಿಷ್ಟು ನಕ್ಕು ಸುಮ್ಮನಾಗುತ್ತಿದ್ದರು.

ಈಗಿನವರಿಗೆ ವಾಲ್ವು ಅಂದರೆ ನಲ್ಲಿಯ ಪೈಪು ನೆನಪಾದೀತು. ಟ್ರಾನ್ಸಿಸ್ಟರ್ ಬರುವ ಮೊದಲಿನ ದೊಡ್ಡ ಮರದ ರೇಡಿಯೋಗಳ ಒಳಗೆ ಬೆರಳುದ್ದದ ಗಾಜಿನ ಬುರುಡೆಗಳಿರುತ್ತಿದ್ದವು. ಸ್ವಿಚ್ ಹಾಕಿದರೆ ಅವುಗಳ ಹೊಟ್ಟೆಯಲ್ಲಿ ಸಣ್ಣ ಕೆಂಡ ಕಾಣುತ್ತಿತ್ತು, ಅದು ಕಾದ ಮೇಲೆಯೇ ದನಿ. ಅವೇ ವಾಲ್ವುಗಳು. ಪ್ರತಿಯೊಂದರ ನೆತ್ತಿಯಲ್ಲೂ ಒಳಗಡೆ ಕಪ್ಪು ಬೆಳ್ಳಿಯ ಮಚ್ಚೆಯೊಂದು ಇರುತ್ತದೆ. ಗಾಜು ಎಲ್ಲಾದರೂ ಸೀಳಿ ಗಾಳಿ ಹೊಕ್ಕಿತೋ, ಆ ಮಚ್ಚೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ವಾಲ್ವು ಸತ್ತ ಹಾಗೆ. ಮನೆಯ ಬಲ್ಬಿಗೆ ಇದು ತಿರುಗಾಮುರುಗಾ. ಅದು ಕಪ್ಪಾದರೆ ಸುಟ್ಟಿತು ಅಂತ ಲೆಕ್ಕ. ಇಷ್ಟು ವಿದ್ಯೆಯನ್ನು ಮೇಷ್ಟ್ರು ತಮ್ಮ ಬಳಿ ಟೈಪಿಂಗ್ ಕಲಿಯಲು ಬಂದವರಿಗೆಲ್ಲ ಪುಕ್ಕಟೆ ಕಲಿಸುತ್ತಿದ್ದರು. ಯಾರಿಗೂ ಬೇಕಿರಲಿಲ್ಲ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮಹಡಿ ಮೇಲೆ ಮಿಷನ್ನುಗಳು, ಕೆಳಗೆ ಮನೆ. ಎಪ್ಪತ್ತರ ದಶಕದ ನಡುವೆ ನಾನು ಅಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡಲು ಸೇರಿದೆ. ಇಂಗ್ಲಿಷ್ ಅವರದು. ನನಗಿನ್ನೂ ಮದುವೆಯಾಗಿರಲಿಲ್ಲ, ಬಾಯಿ ಸ್ವಲ್ಪ ಜೋರು. ಅವರು ನನ್ನನ್ನು "ಟೀಚರ್" ಅಂತಲೇ ಕರೆದರು, ಒಂದು ದಿನವೂ ಹೆಸರು ಹಿಡಿಯಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮಿಷನ್ನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವಾಗ ಮೇಷ್ಟ್ರು ಪೇಪರ್ ಅಡ್ಡ ಹಿಡಿದು ಕೂತಿರುತ್ತಿದ್ದರು. ಪೇಪರಿನ ಹಿಂದಿನಿಂದಲೇ ಮಾತು ಬರುತ್ತಿತ್ತು. "ಕಿಟಕಿ ಪಕ್ಕದ ಮಿಷನ್ನು, ಎಡಗೈ ಕಿರುಬೆರಳು ಸೋಮಾರಿ ಆಗೈತೆ." ಹೋಗಿ ನೋಡಿದರೆ ಆ ಅಕ್ಷರ ಮಂಕಾಗಿಯೇ ಬಿದ್ದಿರುತ್ತಿತ್ತು. ಅವರಿಗೆ ಇದ್ದ ಆಸ್ತಿ ಕಿವಿ. ಹಗಲೆಲ್ಲ ಆ ಗದ್ದಲದಲ್ಲಿ ದುಡಿದ ಕಿವಿಗೆ ಸಂಜೆ ಕೂಲಿ ಕೊಡಬೇಕು ಅನ್ನುತ್ತಿದ್ದರು. ಆ ಕೂಲಿ ಕೆಳಗಿನ ನಡುಮನೆಯ ರೇಡಿಯೋ.

ಆ ರೇಡಿಯೋ ನೋಡಿದವರು ಮರೆಯುವ ಹಾಗಿಲ್ಲ. ಸಣ್ಣ ಬೀರುವಿನಷ್ಟು ಮರದ ಮೈ, ಮುಂದೆ ಬಂಗಾರದ ಎಳೆಯ ಬಟ್ಟೆ, ಮೇಲ್ಗಡೆ ಒಂದು ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಸಿಕ್ಕರೆ ಆ ಕಣ್ಣು ಮೆಲ್ಲಗೆ ಕಿರಿದಾಗಿ ಮುಚ್ಚುತ್ತಿತ್ತು. ಸ್ವಿಚ್ ಹಾಕಿ ಮೇಷ್ಟ್ರು ಕೈಕಾಲು ತೊಳೆಯಲು ಹೋಗುವರು, ವಿಭೂತಿ ಹಚ್ಚಿಕೊಂಡು ಬರುವ ಹೊತ್ತಿಗೆ ವಾಲ್ವುಗಳು ಕಾದು ಭದ್ರಾವತಿಯೋ ಧಾರವಾಡವೋ ನಿಧಾನಕ್ಕೆ ಏರಿ ಬರುತ್ತಿತ್ತು. "ಟ್ರಾನ್ಸಿಸ್ಟರ್ ನೋಡ್ರಿ, ಕಿವಿ ಹಿಂಡಿದ ಕೂಡ್ಲೇ ಒದರ್ತೈತೆ. ಮನುಷ್ಯ ಆಗ್ಲಿ ರೇಡಿಯೋ ಆಗ್ಲಿ, ಬೆಚ್ಚಗಾಗದೆ ಬಾಯಿ ಬಿಡಬಾರ್ದು," ಅನ್ನುವರು. ವಾಲ್ವಿನ ದನಿ ದುಂಡಗಿರುತ್ತದೆ, ಟ್ರಾನ್ಸಿಸ್ಟರಿನದು ಚಪ್ಪಟೆ ಅನ್ನುವುದು ಅವರ ವಾದ. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಆದರೂ ತಬಲದ ಎಡಗೈ ಪೆಟ್ಟು ಬಿದ್ದಾಗ ಅವರು ರೇಡಿಯೋ ತಲೆಯ ಮೇಲೆ ಅಂಗೈ ಇಟ್ಟು, "ಬರ್ರಿ, ಇಲ್ಲಿ ಮುಟ್ರಿ," ಅಂದದ್ದು, ಮರ ನನ್ನ ಕೈಯೊಳಗೆ ಗುಂಯ್ ಅಂದದ್ದು ಇವತ್ತಿಗೂ ನೆನಪಿದೆ.

ಟ್ರಾನ್ಸಿಸ್ಟರ್ ಬಂದು ಊರೂರಲ್ಲಿ ದೊಡ್ಡ ರೇಡಿಯೋಗಳು ಅಟ್ಟ ಸೇರಿದ ಹೊತ್ತಿಗೆ ಮೇಷ್ಟ್ರಿಗೆ ವಾಲ್ವು ಕೂಡಿಹಾಕುವ ಹುಚ್ಚು ಹತ್ತಿತು. ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿಯ ಖಾದರ್ ಸಾಬರು ಅವರ ಗೆಳೆಯರು, ಅಲ್ಲಿಗೆ ವಾರವಾರ ಓಡಾಟ. ತ್ಯಾವಣಿಗೆಯ ಅಡಿಕೆ ವ್ಯಾಪಾರಿಯ ಮನೆಯಲ್ಲಿ ಸೆಟ್ಟು ಕೆಟ್ಟಿದೆ ಅಂದರೆ ಅಲ್ಲಿಗೆ, ಜಗಳೂರಿನಲ್ಲಿ ಯಾರೋ ಮಾರುತ್ತಾರಂತೆ ಅಂದರೆ ಅಲ್ಲಿಗೆ. ತಂದದ್ದನ್ನು ಅರಳೆಯಲ್ಲಿ ಸುತ್ತಿ ಒಂದು ಕಬ್ಬಿಣದ ಟ್ರಂಕಿನಲ್ಲಿ ಮಲಗಿಸುವರು. ಬಸ್ಸಿನಲ್ಲಿ ಬರುವಾಗ ಗಂಟು ತೊಡೆಯ ಮೇಲೆ. "ಹುಷಾರಪ್ಪ, ಕೂಸೈತೆ," ಅಂತ ಕಂಡಕ್ಟರಿಗೆ ಹೇಳುವರು. ಅಕ್ಕ ಗೊಣಗಿದರೆ, "ಕಂಪನಿಯೋರು ಮಾಡೋದು ನಿಲ್ಲಿಸ್ತಾರೆ. ಇವತ್ತು ಗುಜರಿ, ನಾಳೆ ಚಿನ್ನ. ನನ್ನ ಹಿಂದೆ ನಿನಗೆ ಅನ್ನ ಹಾಕೋದು ಈ ಟ್ರಂಕೇ," ಅಂತ ಸಮಾಧಾನ ಮಾಡುವರು. ಸತ್ತ ವಾಲ್ವುಗಳನ್ನೂ ಎಸೆಯುತ್ತಿರಲಿಲ್ಲ. ಅವಕ್ಕೆ ಟ್ರಂಕಿನ ಒಂದು ಮೂಲೆ, ಮೇಲೊಂದು ಬಿಳೀ ಬಟ್ಟೆ. ಯಾಕೆ ಸರ್ ಅಂದರೆ, "ಹಾಡಿದಾವಲ್ರೀ ಒಂದು ಕಾಲಕ್ಕೆ," ಅನ್ನುವರು.

ಹೀಗೆ ಒಬ್ಬ ಹವ್ಯಾಸಿಯ ಖುಷಿಯ ಕಥೆಯಾಗಿಯೇ ಇದು ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಪಕ್ಕದ ಮಿಷನ್ನು ಬಿಚ್ಚಿಕೊಂಡು ಕೂತಿದ್ದರು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದರೆ ಟಿಣ್ ಅಂತ ಒಂದು ಪುಟ್ಟ ಗಂಟೆ ಹೊಡೆಯುತ್ತದೆ. "ಇದರ ಬೆಲ್ ಸತ್ತೈತೆ," ಅಂದರು. ಹೊಡೆದು ನೋಡಿದೆ. ಚೆನ್ನಾಗಿಯೇ ಇತ್ತು. ಸರಿಮಾಡಿದ್ದಾರೆ ಅಂದುಕೊಂಡೆ. ಮುಂದಿನ ವಾರ ಇನ್ನೊಂದು ಮಿಷನ್ನಿನ ಬೆಲ್ ಸತ್ತಿತು. ಆಮೇಲೆ ಮತ್ತೊಂದು. ಎಲ್ಲ ಮಿಷನ್ನುಗಳ ಬೆಲ್ಲೂ ಒಂದೊಂದಾಗಿ ಸತ್ತ ಮೇಲೆ ನಾನೊಬ್ಬಳೇ ಕೂತು ಎಲ್ಲವನ್ನೂ ಹೊಡೆದು ನೋಡಿದೆ, ಎಲ್ಲವೂ ಟಿಣ್ ಅಂದವು. ಅದೇ ದಿನಗಳಲ್ಲಿ ಪೇಪರಿನ ಹಿಂದಿನ ಮಾತೂ ನಿಂತುಹೋಗಿತ್ತು.

ಸಂಜೆ ರೇಡಿಯೋ ಹಾಕಿ ಅವರು ಹುಬ್ಬು ಗಂಟಿಕ್ಕತೊಡಗಿದರು. "ದನಿ ಇಳಿದೈತೆ. ವಾಲ್ವ್ ವೀಕಾಗೈತೆ." ವಾಲ್ವು ಬದಲಾಯಿತು. ಎರಡು ದಿನ ಸಮಾಧಾನ, ಮತ್ತೆ ಅದೇ ಮಾತು, "ಇದೂ ವೀಕು." ದನಿಯ ಗುಂಡಿ ಮಾತ್ರ ದಿನದಿಂದ ದಿನಕ್ಕೆ ಮುಂದಕ್ಕೆ ತಿರುಗುತ್ತಿತ್ತು. ಎದುರಿನ ಹೋಟೆಲಿನವನು ತಮಾಷೆಗೆ, "ಮೇಷ್ಟ್ರು ಇರೋತನಕ ನಾನು ರೇಡಿಯೋ ಕೊಳ್ಳಾಂಗಿಲ್ಲ," ಅನ್ನುತ್ತಿದ್ದ. ಆಮೇಲೆ ತಮಾಷೆ ಬಿಟ್ಟು ಜಗಳಕ್ಕೆ ಬಂದ.

ಅಕ್ಕನಿಗೆ ನನಗಿಂತ ಮೊದಲೇ ತಿಳಿದಿತ್ತು. ಹಾಲು ಉಕ್ಕಿ ಒಲೆಗೆ ಸುರಿದು ಬುಸ್ಸೆಂದರೂ ಪಕ್ಕದಲ್ಲೇ ಕೂತವರು ತಿರುಗಿ ನೋಡಲಿಲ್ಲವಂತೆ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ತಂಗಿ, ಇವರಿಗೆ ಕಿವಿ ಹೋಗ್ತಾ ಐತೆ."

"ಗೊತ್ತಕ್ಕ. ಹೇಳಿಬಿಡೋದು ಒಳ್ಳೇದಲ್ವಾ?"

"ನೀನು ಹೇಳಬ್ಯಾಡ. ಯಾರೂ ಹೇಳಾದು ಬ್ಯಾಡ. ಕಿವಿ ಹೋತು ಅಂತ ತಿಳಿದ್ರೆ ಇವರಿಗೆ ಆಮ್ಯಾಲೆ ಏನೈತೆ ಹೇಳು? ವಾಲ್ವೇ ಕೆಟ್ಟೈತೆ ಅಂದ್ಕೊಳ್ಳಲಿ. ವಾಲ್ವು ಸಿಗ್ತಾವೆ."

ಅಕ್ಕ ಅಳಲಿಲ್ಲ. ಸೆರಗಿನಿಂದ ಕಟಕಟೆ ಒರೆಸುತ್ತ ನಿಂತಿದ್ದರು, ಅಲ್ಲಿ ಧೂಳೇನೂ ಇರಲಿಲ್ಲ. ನಾನು ಮೇಲೆ ಹೋಗಿ, ಕ ಅಕ್ಷರದ ಅಭ್ಯಾಸಕ್ಕೆ ಅಂತ ನಾನೇ ಟೈಪು ಮಾಡಿ ಇಟ್ಟಿದ್ದ ಹಾಳೆಯನ್ನು ಹರಿದುಹಾಕಿದೆ. ಅದರ ಮೊದಲ ಸಾಲು, ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಹೇಳಲಾರೆ. ಕಿವಿ ಇಳಿದಷ್ಟೂ ಮೇಷ್ಟ್ರ ತಿರುಗಾಟ ಏರಿತು. ವಾಲ್ವು ಕೂಡಿಡುವುದು ಹೋಗಿ ಬೇಟೆಯಾಡುವುದಾಯಿತು. ಎಲ್ಲೋ ಒಂದು ಕಡೆ ಬಲವಾದ ವಾಲ್ವು ಇದ್ದೇ ಇದೆ, ಅದನ್ನು ಹಾಕಿದರೆ ದನಿ ಮೊದಲಿನಂತಾಗುತ್ತದೆ ಅನ್ನುವ ಒಂದೇ ಹಟ. ಅದಕ್ಕಾಗಿ ಮಿಷನ್ನುಗಳು ಒಂದೊಂದಾಗಿ ಮಾರಿಹೋದವು. ಕಲಿಯುವವರು ಹೊಸ ಇನ್‌ಸ್ಟಿಟ್ಯೂಟ್ ಹುಡುಕಿಕೊಂಡರು. ಒಮ್ಮೆ ಹೊನ್ನಾಳಿಯಲ್ಲಿ ಇಳಿಯಬೇಕಾದವರು ಕಂಡಕ್ಟರ್ ಕೂಗಿದ್ದು ಕೇಳದೆ ನ್ಯಾಮತಿಗೆ ಹೋಗಿ ಇಳಿದರು. ಅಲ್ಲಿ ಮುಚ್ಚಿದ ಟೂರಿಂಗ್ ಟಾಕೀಸಿನವನ ಹತ್ತಿರ ಮುಂಗೈ ದಪ್ಪದ ವಾಲ್ವುಗಳು ಸಿಕ್ಕು ಹಿಗ್ಗಿಕೊಂಡು ಬಂದರು. "ಬಸ್ಸಿನಾಗೆ ಕಣ್ಣು ಹತ್ತಿತ್ತು ಟೀಚರ್. ದೇವರೇ ನಿದ್ದೆ ಬರಿಸಿ ಕರ್ಕೊಂಡು ಹೋದ." ಬಸ್ಸಿನಲ್ಲಿ ಅವರು ಎಂದೂ ನಿದ್ದೆ ಮಾಡಿದವರಲ್ಲ. ಆ ವಾಲ್ವುಗಳು ಅವರ ರೇಡಿಯೋಕ್ಕೆ ಹೊಂದಲೂ ಇಲ್ಲ.

ಅಂದಿನಿಂದ ಅಕ್ಕ ಅವರೊಬ್ಬರನ್ನೇ ಬಿಡಲು ಹೆದರಿದರು. ಮುಂದಿನ ಸಲ ಹೊನ್ನಾಳಿಗೆ ನನ್ನನ್ನು ಜೊತೆ ಮಾಡಿ ಕಳಿಸಿದರು, ನನ್ನ ಚಿಕ್ಕಮ್ಮನ ಮನೆಗೆ ಹೋಗುವುದಿದೆ ಅಂತ ಸುಳ್ಳು ಕಾರಣ ಕೊಟ್ಟು.

ಖಾದರ್ ಸಾಬರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೇಷ್ಟ್ರು ಗಂಟು ಬಿಚ್ಚಿ ವಾಲ್ವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಎಲ್ಲಾ ವೀಕು ಸಾಬ್ರೆ. ನೀವು ಕೊಟ್ಟಿದ್ದೂ ವೀಕು." ಸಾಬರು ಒಂದೊಂದನ್ನೇ ತೆಗೆದು ಅಂಗಡಿಯ ಸೆಟ್ಟಿಗೆ ಹಾಕಿ ಹಚ್ಚಿದರು. ದನಿ ಎಷ್ಟಿತ್ತೆಂದರೆ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಎದುರಿನ ಸೈಕಲ್ ಶಾಪಿನವನು ಕಿವಿಗೆ ಕೈ ಇಟ್ಟುಕೊಂಡ. ಮೇಷ್ಟ್ರು ಸೆಟ್ಟಿನ ಬಟ್ಟೆಗೆ ಕೆನ್ನೆ ಒತ್ತಿಕೊಂಡು ಹೇಳಿದರು, "ಕೇಳ್ರಿ. ಇದೂ ಹಂಗೇ."

ಸಾಬರು ಸೆಟ್ಟು ಆರಿಸಿದರು. ನನ್ನ ಮುಖ ನೋಡಿದರು. ಆಮೇಲೆ ಮೇಷ್ಟ್ರ ಹತ್ತಿರ ಬಗ್ಗಿ, "ಮೇಷ್ಟ್ರೆ, ಡಾಕ್ಟರಿಗೆ ತೋರ್ಸ್ರಿ," ಅಂದರು.

"ತೋರ್ಸಾಕೇ ಬಂದಿನಲ್ರಿ. ರೇಡಿಯೋ ಡಾಕ್ಟರ್ ನೀವಲ್ದೆ ಇನ್ಯಾರು?"

"ರೇಡಿಯೋಕ್ಕಲ್ಲ ಮೇಷ್ಟ್ರೆ."

"ಹ್ಞಾಂ?"

ಸಾಬರು ಸೆಟ್ಟಿನ ಕಡೆ ತಿರುಗಿದರು. ಇನ್ನೂ ಬಿಸಿಯಿದ್ದ ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ತೆಗೆದು, ಬಾಗಿಲ ಬೆಳಕಿಗೆ ಎತ್ತಿ, ಅದರ ನೆತ್ತಿಯನ್ನು ಬೆರಳಿನಿಂದ ತೋರಿಸಿದರು. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ತೋರಿಸಿದರು, ಅದೂ ಕಪ್ಪು. ಮೇಜಿನ ಮೇಲಿದ್ದ ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿದರು. ಒಂದಕ್ಕೂ ಬೆಳ್ಳಗಿನ ತಲೆಯಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅವರ ಮಾತೇ ಅವರಿಗೆ ತೀರ್ಪಾಗಿ ನಿಂತಿತ್ತು. ಆಮೇಲೆ ತಾವೇ ವಾಲ್ವುಗಳನ್ನು ಅರಳೆಯಲ್ಲಿ ಸುತ್ತಿ, ಗಂಟು ಕಟ್ಟಿ, "ಬರ್ತೀನಿ ಸಾಬ್ರೆ," ಅಂದರು. ಸಾಬರು ಅಂಗಡಿಯಿಂದ ಇಳಿದು ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಬಂದರು.

ಬಸ್ಸಿನಲ್ಲಿ ಗಂಟು ತೊಡೆಯ ಮೇಲಿತ್ತು. ಕೂಸಿನ ಮಾತು ಬರಲಿಲ್ಲ. ಸಾಸ್ವೆಹಳ್ಳಿ ದಾಟಿದ ಮೇಲೆ ಎಮ್ಮೆಗಳ ಹಿಂಡು ಅಡ್ಡ ಬಂತು, ಡ್ರೈವರ್ ನಿಂತಲ್ಲೇ ಹಾರ್ನ್ ಒತ್ತಿ ಹಿಡಿದ. ಹೆಂಗಸರು ಕಿವಿ ಮುಚ್ಚಿಕೊಂಡರು. ಮೇಷ್ಟ್ರು ಅವರನ್ನೇ ನೋಡುತ್ತಿದ್ದು ನನ್ನ ಕಡೆ ತಿರುಗಿದರು.

"ಟೀಚರ್, ಈಗ ಹಾರ್ನ್ ಹೊಡೀತಾ ಇದಾನಾ?"

ನಾನು ತಲೆ ಆಡಿಸಿದೆ.

"ಜೋರಾಗಿ?"

ಮತ್ತೆ ತಲೆ ಆಡಿಸಿದೆ. ಅವರು "ಹೌದಾ," ಅಂತಷ್ಟೇ ಅಂದು ಕಿಟಕಿಯ ಕಡೆ ಮುಖ ಮಾಡಿದರು. ಚನ್ನಗಿರಿಯ ತನಕ ನಾನು ಅವರ ಮುಖ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

ತಿಳಿದ ಮೇಲೆ ಹುಚ್ಚು ಬಿಡುತ್ತದೆ ಅಂದುಕೊಂಡಿದ್ದೆ. ಬಿಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಮೊದಲು ದನಿ ವಾಲ್ವಿನಲ್ಲಿದೆ ಅಂತ ಓಡಾಡಿದವರು ಈಗ ಇಲ್ಲ ಅಂತ ಗೊತ್ತಿದ್ದೂ ಓಡಾಡಿದರು. ಸಾಬರು ಇನ್ನು ವಾಲ್ವು ಕೊಡುವುದಿಲ್ಲ ಅಂದುಬಿಟ್ಟರು. ಸರಿ, ಜಗಳೂರಿಗೆ ಹೋದರು. ದಾವಣಗೆರೆಯ ಡಾಕ್ಟರು ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣದಂಥ ಡಬ್ಬಿ, ಅಲ್ಲಿಂದ ಕಿವಿಗೆ ತಂತಿ. ಅದನ್ನು ಹಾಕಿಕೊಂಡು ರೇಡಿಯೋ ಮುಂದೆ ಕೂತರು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಂತಿ ಕಿತ್ತು, ಸ್ಕ್ರೂಡ್ರೈವರ್ ತಂದು, ಡಬ್ಬಿಯ ಬೆನ್ನು ಬಿಚ್ಚಿ ನೋಡಿದರು.

"ಇದರಾಗೂ ಟ್ರಾನ್ಸಿಸ್ಟರೇ ಐತೆ," ಅಂದರು. "ಎಲ್ಲಾ ಕೇಳ್ತೈತೆ ಟೀಚರ್, ಒಂದೂ ತಿಳಿಯಂಗಿಲ್ಲ. ತಗಡಿನ ಮ್ಯಾಲೆ ಆಲಿಕಲ್ಲು ಬಿದ್ದಂಗೆ." ಆ ಡಬ್ಬಿ ಟ್ರಂಕಿನೊಳಗೂ ಹೋಗಲಿಲ್ಲ. ಕಿಟಕಿಯ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ನನ್ನ ಮದುವೆಯಾಯಿತು, ಜಗಳೂರು ಸೇರಿದೆ. ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಒಂದು ಸಂಜೆ ಚನ್ನಗಿರಿಗೆ ಹೋದಾಗ ಅವರ ಮನೆ ಹೊಕ್ಕೆ. ಮಹಡಿಯ ಮೇಲೆ ಈಗ ಬಾಡಿಗೆಯವರು. ನಡುಮನೆಯಲ್ಲಿ ಮೇಷ್ಟ್ರು ಕೈಕಾಲು ತೊಳೆದು ವಿಭೂತಿ ಇಟ್ಟುಕೊಂಡು ರೇಡಿಯೋದ ಎದುರು ಕೂತಿದ್ದರು. ಹಸಿರು ಕಣ್ಣು ಸರಿಯಾಗಿ ಮುಚ್ಚಿತ್ತು. ರೇಡಿಯೋ ತಲೆಯ ಮೇಲೆ ಅವರ ಅಂಗೈ. ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಅಕ್ಕ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡರು. "ಬಾಡಿಗೆಯೋರು ಜಗಳಾಡ್ತಾರೆ ತಂಗಿ. ಅವರೂ ಬಿಟ್ಟು ಹೋದ್ರೆ ನಮ್ಮ ಒಲೆ ಉರಿಯಂಗಿಲ್ಲ. ಅದಕ್ಕೆ ಇವರು ಕೂತ ಮ್ಯಾಲೆ ಮೆಲ್ಲಕೆ ದನಿ ಗುಂಡಿ ಪೂರ್ತಿ ಹಿಂದಕ್ಕೆ ತಿರುವಿಬಿಡ್ತೀನಿ. ಇವರಿಗೆ ಹೆಂಗೂ ಕೇಳಂಗಿಲ್ಲ. ಆ ಕಣ್ಣು ಮುಚ್ಚಿದ್ರೆ ಸಾಕು, ಹಾಡು ಬರ್ತೈತೆ ಅಂದ್ಕಂಡು ಕೂತಿರ್ತಾರೆ. ಹೇಳಬ್ಯಾಡ ಮತ್ತೆ." ಹಾಲು ತರಲು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋದರು.

ನಾನು ಬಂದು ಎದುರು ಕೂತೆ. ನನ್ನನ್ನು ಕಂಡು ಅವರ ಮುಖ ಅರಳಿತು. "ಟೀಚರ್. ಕೇಳ್ರಿ, ಈಗ ದನಿ ಚಲೋ ಬರ್ತೈತೆ," ಅಂತ ಮನೆ ಹಾರುವ ಹಾಗೆ ಕೂಗಿದರು. ನಾನು ನಕ್ಕು ತಲೆ ಆಡಿಸಿದೆ. ಅವರು ಅಡಿಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, ಪಿಸುಮಾತು ಅಂದುಕೊಂಡು, ಸಾಧಾರಣ ದನಿಯಲ್ಲಿ ಹೇಳಿದರು.

"ಗುಂಡಿ ತಿರುವ್ಯಾಳೆ. ನನಗೆ ಗೊತ್ತೈತೆ."

ನಾನು ಗುಂಡಿಯ ಕಡೆ ನೋಡಿದೆ.

"ಕಿವಿ ಹೋದ ಮ್ಯಾಲೂ ಕೈಗೆ ಬರ್ತಿತ್ರಿ. ಇಲ್ಲಿ." ಅಂಗೈ ಎತ್ತಿ ತೋರಿಸಿದರು. "ತಬಲ ಬರ್ತಿತ್ತು. ಗಂಡಸು ಹಾಡ್ತಾನಾ ಹೆಂಗಸು ಹಾಡ್ತಾಳಾ ಅಷ್ಟು ಗೊತ್ತಾಗ್ತಿತ್ತು. ಈಗ ಬರೇ ಬಿಸಿ."

ನನಗೆ ತಡೆಯಲಾಗಲಿಲ್ಲ. ಎದ್ದು ಗುಂಡಿಗೆ ಕೈ ಹಾಕಿದೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದುಕೊಂಡರು. ಮುದುಕರ ಹಿಡಿತವಾಗಿರಲಿಲ್ಲ ಅದು.

"ಬ್ಯಾಡ. ಮ್ಯಾಲಿನೋರು ಆಕೀಗೆ ಬೈತಾರೆ." ಮಣಿಕಟ್ಟು ಬಿಟ್ಟು ಅಂದರು, "ನಾನು ಹಾಡು ಬರ್ತೈತೆ ಅಂತ ಸಂತೋಷವಾಗಿದೀನಿ ಅಂದ್ಕಂಡಾಳೆ. ಆಕೀಗೆ ಏನೂ ಹೇಳಬ್ಯಾಡ್ರಿ ಟೀಚರ್."

ಅಕ್ಕ ಹಾಲು ತಂದು ಚಹಾ ಮಾಡಿಕೊಟ್ಟರು. ಮೇಷ್ಟ್ರು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈ ರೇಡಿಯೋ ಮೇಲೆ ಇಟ್ಟು, ಇಲ್ಲದ ತಾಳಕ್ಕೆ ಬೆರಳು ಆಡಿಸುತ್ತ ಕೂತಿದ್ದರು. ಅಕ್ಕ ಅದನ್ನು ನೋಡಿ ನನ್ನ ಕಡೆ ಕಣ್ಣು ಮಿಟುಕಿಸಿದರು. ಅವರು ಆಡಿಸುತ್ತಿದ್ದುದು ಅಕ್ಕ ನೋಡಲಿ ಅಂತಲೇ.

ಮೇಷ್ಟ್ರು ತೀರಿಕೊಂಡ ಸುದ್ದಿ ಜಗಳೂರಿಗೆ ಮುಟ್ಟುವ ಹೊತ್ತಿಗೆ ಮಣ್ಣಾಗಿ ವಾರ ಕಳೆದಿತ್ತು. ಹೋದೆ. ಮಾತಾಡಿದ್ದಾಯಿತು, ಅತ್ತದ್ದಾಯಿತು. ಹೊರಡುವ ಹೊತ್ತಿಗೆ ಅಕ್ಕ ಮಂಚದ ಕೆಳಗಿನಿಂದ ಟ್ರಂಕು ಎಳೆದರು. ಸಲೀಸಾಗಿ ಬಂತು.

"ನನಗೆ ಅನ್ನ ಹಾಕೋದು ಇದೇ ಅಂತಿದ್ರಲ್ಲ ಇವರು. ಅದಕ್ಕೆ ಎಲ್ಲಾ ಹಸನು ಮಾಡಿ ಇಟ್ಟೆ. ಬಾಳ ಬಲ್ಬು ಸುಟ್ಟು ಕರ್ರಗಾಗಿದ್ವು ತಂಗಿ, ಅವನ್ನೆಲ್ಲ ಗುಜರಿಯವನ ಚೀಲಕ್ಕೆ ಸುರಿದೆ. ತಲೆ ಬೆಳ್ಳಗಿರೋವು ಒಂದಿಷ್ಟಿದ್ವು, ಬಿಳೀ ಬಟ್ಟೆ ಮುಚ್ಚಿ ಬ್ಯಾರೆ ಇಟ್ಟಿದ್ರು. ಚಲೋವು ಅಂತಲೇ ಹಂಗೆ ಇಟ್ಟಿರಬೇಕು."

ಮುಚ್ಚಳ ತೆರೆದು, ಒಂದನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಗೆ ಇಟ್ಟರು. ನೆತ್ತಿ ಸುಣ್ಣದ ಹಾಗಿತ್ತು. ಹಗುರವಾಗಿತ್ತು, ತಣ್ಣಗಿತ್ತು.

"ನೀನು ಇವರ ಜೊತೆ ಇದ್ದಾಕಿ, ನಿನಗೆ ಗೊತ್ತಿರ್ತೈತೆ. ಚಲೋ ಅದಾವಲ್ಲ?"

"ಚಲೋ ಅದಾವೆ ಅಕ್ಕ," ಅಂದೆ. "ಹುಷಾರಾಗಿ ಇಟ್ಟುಕೊಳ್ರಿ."